ಮೈತ್ರಿಯಲ್ಲಿ ಬೇಸಿಗೆ ಕೆಲಸ: ಹೊರಡುವ ತಯಾರಿಯಿಂದ ಹತ್ತನೆಯ ದಿನದವರೆಗೆ

ಅಂಟಾರ್ಕ್ಟಿಕದ ಬೇಸಿಗೆ ನಮ್ಮ ಕಾರ್ತಿಕದಲ್ಲಿ ಶುರುವಾಗಿ ಮಾಘದ ಹೊತ್ತಿಗೆ ಮುಗಿಯುತ್ತದೆ. ಭಾರತದ ಬೇಸಿಗೆ ತಂಡ ಅಲ್ಲಿ ದುಡಿದು ಬರುವುದು ಈ ಅವಧಿಯಲ್ಲೇ, ಹೆಚ್ಚುಕಡಿಮೆ ನಾಲ್ಕು ತಿಂಗಳು. ವಿಜ್ಞಾನಿಗಳಷ್ಟೇ ಹೋಗುತ್ತಾರೆ ಎಂದುಕೊಂಡವರು ಬಹಳ. ಅಲ್ಲಿರುವ ನಮ್ಮ ದೇಶದ ನೆಲೆ ಮೈತ್ರಿ ದಿನವೂ ನಡೆಯುವುದು ಗಾಡಿ ಮೆಕ್ಯಾನಿಕ್, ಜನರೇಟರ್ ಆಪರೇಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಕ್ರೇನ್ ಚಾಲಕ, ಬಡಗಿ, ಅಡುಗೆಯವರು, ನರ್ಸ್, ವೈದ್ಯರು ಇಂಥವರ ಕೈಯಲ್ಲಿ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಚಳಿಯದು. ಬೇಸಿಗೆಯಲ್ಲಿ ಮೈತ್ರಿಯ ಚಳಿ ಅಂಥ ರಾಕ್ಷಸ ಚಳಿಯೇನಲ್ಲ. ಜನವರಿಯಲ್ಲಿ ಉಷ್ಣಾಂಶ ಶೂನ್ಯದ ಆಸುಪಾಸಿನಲ್ಲೇ ಓಡಾಡುತ್ತದೆ, ಬಿಸಿಲಿರುವ ಮಧ್ಯಾಹ್ನ ಕೊಂಚ ಮೇಲಕ್ಕೂ ಏರುತ್ತದೆ. ಹೊಸಬರನ್ನು ಮೊದಲ ವಾರದಲ್ಲಿ ಮಲಗಿಸುವುದು ಬೆವರು, ಒಣಗಾಳಿ, ಬಿಸಿಲು ಮತ್ತು ಕರಗಿದ ನೀರು. ನಾಲ್ಕೂ ಬೇಸಿಗೆಯ ಬಾಬ್ತುಗಳೇ. ಚಳಿಗೆಂದು ತಯಾರಾಗಿ ಹೋದವರು ಇವುಗಳ ಕೈಗೆ ಸಿಕ್ಕಿಬೀಳುತ್ತಾರೆ.

ಆಯ್ಕೆಯ ವಿಷಯ ಚುಟುಕಾಗಿ. ಭಾರತದ ಅಂಟಾರ್ಕ್ಟಿಕ ಯಾನವನ್ನು ನಡೆಸುವುದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಅಂದರೆ ಎನ್‌ಸಿಪಿಒಆರ್. ಕಸುಬಿನವರನ್ನು ನಿಗದಿತ ಅವಧಿಯ ಗುತ್ತಿಗೆಯ ಮೇಲೆ ತೆಗೆದುಕೊಳ್ಳಲು ಅದು ಪ್ರಕಟಣೆ ಹೊರಡಿಸುತ್ತದೆ. ಸೇನೆ ಮತ್ತು ಇತರ ಸರ್ಕಾರಿ ಇಲಾಖೆಗಳಿಂದ ನಿಯೋಜನೆಯ ಮೇಲೆ ಬರುವವರೂ ಇರುತ್ತಾರೆ. ಸಂದರ್ಶನದಲ್ಲಿ ತೂಕ ಬರುವುದು ಪ್ರಮಾಣಪತ್ರಕ್ಕಿಂತ ಕೈಗುಣಕ್ಕೆ. ಬಿಡಿಭಾಗ ಸಿಗದ ಜಾಗದಲ್ಲಿ ಗಾಡಿಯನ್ನು ಹೇಗೆ ಓಡಿಸುತ್ತೀರಿ ಎಂಬುದು ಅಲ್ಲಿ ನಿಜವಾದ ಪ್ರಶ್ನೆ. ಅಂಗಡಿಗೆ ಹೋಗಿ ತರುತ್ತೇನೆ ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಆಯ್ಕೆಯಾದವರಿಗೆ ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ತಪಾಸಣೆ. ಹೃದಯ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ಅವರು ನೋಡುತ್ತಾರೆ. ಆದರೆ ನೀವೇ ಮೊದಲೇ ನೋಡಿಕೊಳ್ಳಬೇಕಾದ್ದು ಹಲ್ಲು. ಹುಳುಕು ಹಲ್ಲು, ಸಡಿಲವಾದ ಸಿಮೆಂಟು, ಅರ್ಧ ಮುಗಿದ ರೂಟ್ ಕೆನಾಲ್ ಇದ್ದರೆ ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಕೆಲಸ ಮುಗಿಸಿಕೊಳ್ಳಿ. ನೆಲೆಯಲ್ಲಿ ವೈದ್ಯರು ಇರುತ್ತಾರೆ, ದಂತವೈದ್ಯರು ಇರುವುದಿಲ್ಲ. ಕನ್ನಡಕ ಹಾಕುವವರು ಅದೇ ನಂಬರಿನ ಇನ್ನೊಂದು ಜೊತೆ ಒಯ್ಯಲಿ. ಕಾಂಟ್ಯಾಕ್ಟ್ ಲೆನ್ಸ್ ಅಲ್ಲಿನ ಒಣಗಾಳಿಯಲ್ಲಿ ಕಣ್ಣಿಗೆ ಮರಳು ಬಿದ್ದ ಹಾಗಾಗುತ್ತದೆ, ಅದರ ಮೇಲೆಯೇ ಭರವಸೆ ಇಡಬೇಡಿ. ದಿನನಿತ್ಯ ಮಾತ್ರೆ ನುಂಗುವವರು ನಾಲ್ಕು ತಿಂಗಳ ಲೆಕ್ಕಕ್ಕೆ ಇನ್ನೂ ಒಂದೂವರೆ ತಿಂಗಳಿನದು ಸೇರಿಸಿ ಎರಡು ಪಾಲು ಮಾಡಿ, ಒಂದು ಕೈಚೀಲದಲ್ಲಿ, ಇನ್ನೊಂದು ದೊಡ್ಡ ಚೀಲದಲ್ಲಿ ಇಡಬೇಕು. ವಾಪಸಾಗುವ ದಿನ ನಿಮ್ಮ ಕೈಯಲ್ಲಿಲ್ಲ, ಹವಾಮಾನದ ಕೈಯಲ್ಲಿದೆ.

ಮುಂದಿನದು ಉತ್ತರಾಖಂಡದ ಔಲಿಯಲ್ಲಿ ಇಂಡೋ-ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ. ನಡಿಗೆ, ಹಗ್ಗ, ಗಂಟು, ಹಿಮಬಿರುಕಿಗೆ ಬಿದ್ದವರನ್ನು ಮೇಲೆತ್ತುವುದು, ಪ್ರಥಮ ಚಿಕಿತ್ಸೆ ಎಲ್ಲವೂ ಇರುತ್ತದೆ. ಇಲ್ಲಿ ಬಹಳ ಜನ ಮಾಡುವ ತಪ್ಪು, ಅದನ್ನು ಪರೀಕ್ಷೆ ಎಂದುಕೊಂಡು ಮೈ ಹಣ್ಣು ಮಾಡಿಕೊಳ್ಳುವುದು. ಔಲಿಯಲ್ಲಿ ನಿಮಗೆ ಸಿಗಬೇಕಾದ್ದು ಎರಡು: ದಪ್ಪ ಕೈಗವಸು ಹಾಕಿಕೊಂಡೇ ಎಂಟರ (8) ಆಕಾರದ ಗಂಟು ಹಾಕುವ ಅಭ್ಯಾಸ, ಮತ್ತು ಹೊಸ ಬೂಟು ಎಲ್ಲಿ ಕಚ್ಚುತ್ತದೆ ಎಂಬ ತಿಳಿವಳಿಕೆ. ಬೂಟು ಕಚ್ಚುವ ಜಾಗ ಬೆಟ್ಟದ ಮೇಲೆ ಗೊತ್ತಾದರೆ ಬೊಕ್ಕೆ. ಮಂಜುಗಡ್ಡೆಯ ಮೇಲೆ ಗೊತ್ತಾದರೆ ಎರಡು ವಾರ ಕುಂಟುವ ಕೆಲಸ.

ಮೂಟೆ ಕಟ್ಟುವ ವಿಚಾರಕ್ಕೆ ಬರೋಣ. ಧ್ರುವದ ಉಡುಪು, ಅಂದರೆ ಹೊರಗಿನ ದಪ್ಪ ಕೋಟು, ಬೂಟು, ದೊಡ್ಡ ಕೈಗವಸು ಇವನ್ನೆಲ್ಲ ಕೊಡುತ್ತಾರೆ. ಕೊಟ್ಟದ್ದನ್ನು ಅಲ್ಲೇ ಹಾಕಿ ನೋಡಬೇಕು. ಅಳತೆಯ ಚೀಟಿ ನಂಬಬೇಡಿ. ಕೋಟು ಹಾಕಿ, ಮೇಲೆ ಕೈಯೆತ್ತಿ, ಕುಕ್ಕರಗಾಲಲ್ಲಿ ಕೂತು ನೋಡಿ: ಸೊಂಟದ ಹಿಂದೆ ಚರ್ಮ ಕಾಣಿಸಿದರೆ ಒಂದು ಅಳತೆ ದೊಡ್ಡದು ಬೇಕು. ಬೂಟಿನೊಳಗೆ ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳುಗಳು ಪಿಯಾನೋ ಬಾರಿಸಿದ ಹಾಗೆ ಆಡಬೇಕು. ಬೂಟು ಬಿಗಿಯಾಗಿರುವಾಗ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತದ ಓಟ ಕಟ್ಟಿ ಕಾಲು ಮೊದಲಿಗಿಂತ ಬೇಗ ತಣ್ಣಗಾಗುತ್ತದೆ. ಎಲ್ಲ ಜಿಪ್ಪುಗಳನ್ನೂ ಹತ್ತು ಸಲ ಎಳೆದು ನೋಡಿ, ಪ್ರತಿ ಜಿಪ್ಪಿನ ತುದಿಗೂ ಒಂದು ಗೇಣು ದಾರ ಕಟ್ಟಿ. ಗವಸು ಹಾಕಿದ ಕೈಗೆ ಜಿಪ್ಪಿನ ಪುಟ್ಟ ನಾಲಿಗೆ ಸಿಗುವುದಿಲ್ಲ, ಗವಸು ತೆಗೆದರೆ ಬೆರಳು ಮರಗಟ್ಟುತ್ತದೆ. ಐದು ನಿಮಿಷದ ಈ ಕೆಲಸ ನಾಲ್ಕು ತಿಂಗಳು ಬೆರಳು ಉಳಿಸಿಕೊಡುತ್ತದೆ.

ನಿಮ್ಮದೇ ಎಂದು ಒಯ್ಯಬೇಕಾದ್ದು ಒಳಉಡುಪು. ಹತ್ತಿ ಬನಿಯನ್ ಮನೆಯಲ್ಲೇ ಬಿಡಿ. ಇದನ್ನು ಎಷ್ಟು ಹೇಳಿದರೂ ಪ್ರತಿ ತಂಡದಲ್ಲೂ ಯಾರೋ ಒಬ್ಬರು ಹತ್ತಿ ಬನಿಯನ್ ಮೇಲೆ ಥರ್ಮಲ್ ಹಾಕಿಕೊಂಡು ಬರುತ್ತಾರೆ, ಮೈಗೆ ಹಿತ ಎಂಬ ಕಾರಣಕ್ಕೆ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆ ಬನಿಯನ್ ತೊಟ್ಟವನು ತನ್ನ ಮೈಬಿಸಿಯನ್ನು ತಾನೇ ಹೊರಗೆ ಪಂಪು ಮಾಡುತ್ತಿರುತ್ತಾನೆ. ಮೆರಿನೋ ಉಣ್ಣೆಯದು ಅಥವಾ ಪಾಲಿಯೆಸ್ಟರ್‌ನದು ಮೂರು ಜೊತೆ, ಮಧ್ಯದ ಪದರಕ್ಕೆ ಎರಡು ಫ್ಲೀಸ್, ತೆಳು ಒಳಗವಸು ನಾಲ್ಕು ಜೊತೆ, ಉಣ್ಣೆ ಕಾಲುಚೀಲ ಆರು ಜೊತೆ, ಪಕ್ಕ ಮುಚ್ಚುವ ಕಪ್ಪು ಕನ್ನಡಕ, ತುಟಿಗೆ ಹಚ್ಚುವ ಮುಲಾಮು, ಕೈಕಾಲಿಗೆ ವ್ಯಾಸಲೀನ್, ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ, ಕಿವಿಗೆ ಇಡುವ ಸ್ಪಂಜು ಇಷ್ಟಿದ್ದರೆ ಸಾಕು. ಉಳಿದ ಜಾಗದಲ್ಲಿ ಜಿಪ್‌ಲಾಕ್ ಪ್ಲಾಸ್ಟಿಕ್ ಚೀಲಗಳನ್ನು ಹತ್ತಿಪ್ಪತ್ತು ತುರುಕಿ. ಯಾಕೆಂದು ಆಮೇಲೆ ತಿಳಿಯುತ್ತದೆ.

ಮೂಟೆ ಕಟ್ಟುವ ಮುಂಚಿನ ಇನ್ನೊಂದು ಕೆಲಸವನ್ನು ಜನ ಅಸಡ್ಡೆಯಿಂದ ಮಾಡುತ್ತಾರೆ: ಶುಚಿ. ಹಳೆಯ ಚೀಲ, ಹಳೆಯ ಬೂಟು, ಕ್ಯಾಮೆರಾ ಚೀಲ ಇವುಗಳ ಮೂಲೆಯಲ್ಲಿ ನಮ್ಮ ಊರಿನ ಹುಲ್ಲಿನ ಬೀಜ ಕೂತಿರುತ್ತದೆ. 2007-08ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕಕ್ಕೆ ಹೋದವರ ಬಟ್ಟೆಬರೆಯನ್ನು ಸಂಶೋಧಕರು ವ್ಯಾಕ್ಯೂಮ್ ಹಚ್ಚಿ ಪರೀಕ್ಷಿಸಿದ್ದರು. ಬೀಜ ಸಿಕ್ಕವರಲ್ಲಿ ಸರಾಸರಿ ತಲೆಗೆ 9.5 ಬೀಜ ಇದ್ದವು. ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋವಾ ಆನ್ಯುವಾ ಎಂಬ ಮಾಮೂಲಿ ಹುಲ್ಲು ಹೀಗೆ ಜನರ ಜೊತೆ ಹೋಗಿ ಬೇರು ಬಿಟ್ಟಿದೆ. ಆದ್ದರಿಂದ ಜೇಬುಗಳನ್ನು ಒಳಮೈ ಹೊರಗೆ ಮಾಡಿ ವ್ಯಾಕ್ಯೂಮ್ ಹಿಡಿಯಿರಿ. ವೆಲ್ಕ್ರೋ ಪಟ್ಟಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಾಚಿ, ಸಿಕ್ಕಿಕೊಂಡದ್ದನ್ನು ಚಿಮಟದಿಂದ ಕೀಳಿ. ಬೂಟಿನ ಅಟ್ಟೆಯ ಗೆರೆಗಳಲ್ಲಿ ಮಣ್ಣು ಉಳಿಯಬಾರದು. ಮಣ್ಣು ಒಯ್ಯುವುದಕ್ಕೆ ಕಾನೂನಿನಲ್ಲೇ ನಿಷೇಧವಿದೆ: 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾನವೇ ಹೊರಡುವಂತಿಲ್ಲ, ಅಲ್ಲಿನ ಹಕ್ಕಿ-ಸೀಲ್‌ಗಳನ್ನು ಕೆಣಕುವುದು, ಹೊರಗಿನ ಮಣ್ಣು-ಜೀವಿಗಳನ್ನು ಒಯ್ಯುವುದು ಶಿಕ್ಷಾರ್ಹ.

ಗೋವಾ ಅಥವಾ ಮುಂಬೈಯಿಂದ ಕೇಪ್‌ಟೌನ್‌ಗೆ ಮಾಮೂಲಿ ವಿಮಾನ. ಹಿಂದಿರುಗುವಾಗಲೂ ದಕ್ಷಿಣ ಆಫ್ರಿಕಾವನ್ನೇ ದಾಟಬೇಕಾದ್ದರಿಂದ ವೀಸಾ ಎರಡನೇ ಪ್ರವೇಶಕ್ಕೂ ನಡೆಯುತ್ತದೆಯೇ, ತಾರೀಖು ಮಾರ್ಚ್ ದಾಟುತ್ತದೆಯೇ ಎಂದು ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ನೋಡಿ.

ಕೇಪ್‌ಟೌನ್‌ನಲ್ಲಿ ಕಾಯುವುದೇ ಕೆಲಸ. ಮೈತ್ರಿಗೆ ಹೋಗುವವರು ಇಳಿಯುವುದು ರಷ್ಯದ ನೊವೊಲಾಜರೆವ್‌ಸ್ಕಯಾ ನೆಲೆಯ ಸಮೀಪದ ಮಂಜುಗಡ್ಡೆಯ ರನ್‌ವೇ ಮೇಲೆ. ಹಲವು ದೇಶಗಳು ಸೇರಿ ನಡೆಸುವ ಡ್ರಾಮ್‌ಲಾನ್ ಎಂಬ ವಿಮಾನ ಜಾಲ ಇದು. ದೂರ ಸುಮಾರು 4,200 ಕಿಲೋಮೀಟರ್, ಆರು ಗಂಟೆಯ ಹಾರಾಟ. ನಡುವೆ ಇಳಿಯಲು ಬೇರೆ ನಿಲ್ದಾಣವಿಲ್ಲ. ಆದ್ದರಿಂದ ಅಲ್ಲಿ ಗಾಳಿ, ಗೋಚರತೆ, ರನ್‌ವೇ ಮೂರೂ ಸರಿಯಿದ್ದರೆ ಮಾತ್ರ ಇಲ್ಲಿ ವಿಮಾನ ಎದ್ದೇಳುತ್ತದೆ. ಬೆಳಗ್ಗೆ ಹೊರಡುತ್ತೇವೆ ಎಂದವರು ಸಂಜೆ ಮತ್ತೆ ಹೋಟೆಲಿನಲ್ಲೇ ಇರುವುದು ಮಾಮೂಲು. ಹಾರಿದ ಮೇಲೂ ಅರ್ಧ ದಾರಿಯಿಂದ ಹಿಂದಿರುಗಬಹುದು. ಡಿಸೆಂಬರ್ ನಡುವಿನಿಂದ ಕೆಲವು ವಾರ ಬಿಸಿಲಿಗೆ ರನ್‌ವೇಯ ಮೇಲ್ಮೈ ಮೆದುವಾಗಿ ದೊಡ್ಡ ವಿಮಾನಗಳು ನಿಂತುಹೋಗುತ್ತವೆ, ಅಷ್ಟರೊಳಗೆ ಹೋಗಬೇಕಾದವರು ಹೋಗಿರಬೇಕು. ನೋಡಿ, ಅಲ್ಲೂ ಅಡ್ಡ ಬರುವುದು ಬಿಸಿಲೇ.

ಈ ಕಾಯುವ ದಿನಗಳಲ್ಲಿ ಎರಡು ಎಚ್ಚರ. ಒಂದು, ನೆಗಡಿ ಹಚ್ಚಿಕೊಳ್ಳಬೇಡಿ. ಮೈತ್ರಿಯಲ್ಲಿ ಚಳಿಗಾಲ ಕಳೆದ ಇಪ್ಪತ್ತು-ಇಪ್ಪತ್ತೈದು ಜನ ಹಲವು ತಿಂಗಳಿಂದ ಹೊಸ ಮನುಷ್ಯರನ್ನೇ ಕಂಡಿರುವುದಿಲ್ಲ, ಹೊಸ ವೈರಸ್‌ಗಳನ್ನೂ ಕಂಡಿರುವುದಿಲ್ಲ. ಬೇಸಿಗೆ ತಂಡ ಬಂದ ವಾರದಲ್ಲಿ ನೆಲೆಗೆ ನೆಲೆಯೇ ಕೆಮ್ಮುವುದು ಹಳೆಯ ಕಥೆ. ಗಂಟಲು ಕೆರೆದರೆ ಮುಚ್ಚಿಡಬೇಡಿ, ಮಾಸ್ಕ್ ಹಾಕಿ. ಎರಡು, ಕೈಚೀಲವನ್ನು ಸರಿಯಾಗಿ ಕಟ್ಟಿ. ದೊಡ್ಡ ಚೀಲ ಹಲಗೆಗೆ ಬಿಗಿದು ಸರಕಿನ ಜೊತೆ ಹೋದರೆ ನಿಮಗದು ಸಿಗುವುದು ಯಾವಾಗಲೋ. ಮಾತ್ರೆ, ಕನ್ನಡಕ, ಒಂದು ಜೊತೆ ಒಳಉಡುಪು, ಚಾರ್ಜರ್, ನೀರಿನ ಸೀಸೆ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಇಷ್ಟು ಕೈಯಲ್ಲೇ ಇರಲಿ.

ವಿಮಾನ ಹೆಚ್ಚಾಗಿ ಐಎಲ್-76, ಅಂದರೆ ಸರಕು ಸಾಗಿಸುವ ಗೂಡ್ಸ್ ವಿಮಾನ. ಕಿಟಕಿ ಕಡಿಮೆ, ಸದ್ದು ಬಹಳ. ಕಿವಿಗೆ ಸ್ಪಂಜು ಇಟ್ಟುಕೊಳ್ಳಿ. ಇಳಿಯುವುದಕ್ಕೆ ಗಂಟೆಯ ಮುಂಚೆ ಧ್ರುವದ ಉಡುಪು ಹಾಕಿಕೊಳ್ಳಿ ಎನ್ನುತ್ತಾರೆ. ಹಾಕಿಕೊಳ್ಳಿ, ಆದರೆ ಕೋಟಿನ ಜಿಪ್ಪು ತೆರೆದೇ ಇರಲಿ, ಟೋಪಿ ಜೇಬಿನಲ್ಲಿರಲಿ. ಬೆಚ್ಚಗಿನ ವಿಮಾನದಲ್ಲಿ ಗಂಟೆಗಟ್ಟಲೆ ಪೂರ್ತಿ ಮುಚ್ಚಿಕೊಂಡು ಕೂತವರು ಬೆವರಿ ತೊಯ್ದು, ಆ ಒದ್ದೆ ಮೈಯಲ್ಲೇ ಗಾಳಿಗೆ ಇಳಿಯುತ್ತಾರೆ. ಮೊದಲ ಹೆಜ್ಜೆ ಇಡುವ ಮುಂಚೆಯೇ ಆದ ಮೊದಲ ತಪ್ಪು. ಚಕ್ರದ ಬ್ರೇಕನ್ನು ಮಂಜುಗಡ್ಡೆಯ ಮೇಲೆ ನೆಚ್ಚುವಂತಿಲ್ಲವಾದ್ದರಿಂದ ಎಂಜಿನ್‌ನ ಹಿಮ್ಮುಖ ಒತ್ತಡದಿಂದಲೇ ವಿಮಾನ ನಿಧಾನಿಸುತ್ತದೆ. ಓಟ ಉದ್ದವಾಗಿರುತ್ತದೆ, ಗಾಬರಿ ಬೇಡ.

ಬಾಗಿಲು ತೆರೆದಾಗ ಮೊದಲು ಹೊಡೆಯುವುದು ಬೆಳಕು. ಮೆಟ್ಟಿಲಿಳಿಯುವ ಮುಂಚೆಯೇ ಕಪ್ಪು ಕನ್ನಡಕ ಕಣ್ಣ ಮೇಲಿರಲಿ. ಕಾಲಡಿ ಇರುವುದು ಗಾಳಿ ಉಜ್ಜಿ ಉಜ್ಜಿ ಗಾಜಿನಂತಾದ ನೀಲಿ ಮಂಜುಗಡ್ಡೆ. ಅಲ್ಲಿ ಹಿಮ್ಮಡಿ ಮೊದಲು ಊರಿ ನಡೆಯುವ ನಮ್ಮ ಮಾಮೂಲಿ ನಡಿಗೆ ನಡೆಯುವುದಿಲ್ಲ. ಮೊಣಕಾಲು ಕೊಂಚ ಬಗ್ಗಿಸಿ, ಇಡೀ ಪಾದವನ್ನು ಚಪ್ಪಟೆಯಾಗಿ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆ ಹಾಕಬೇಕು. ಕೈಗಳು ಜೇಬಿನಿಂದ ಹೊರಗಿರಬೇಕು. ಬೂಟಿಗೆ ಹಾಕುವ ಮೊಳೆಪಟ್ಟಿ ಇದ್ದರೆ ಅದನ್ನು ಕಟ್ಟಿಕೊಂಡೇ ಇಳಿಯಿರಿ. ಫೋಟೋ ತೆಗೆಯುತ್ತ ಹಿಂದಕ್ಕೆ ಹೆಜ್ಜೆ ಇಟ್ಟು ಬಿದ್ದು ಮಣಿಕಟ್ಟು ಮುರಿದುಕೊಂಡರೆ ನಾಲ್ಕು ತಿಂಗಳ ಕೆಲಸ ಅಲ್ಲಿಗೇ ಮುಗಿಯಿತು.

ರನ್‌ವೇಯಿಂದ ಹತ್ತು-ಹದಿನೈದು ಕಿಲೋಮೀಟರ್ ಆಚೆ ಮೈತ್ರಿ. ಸುತ್ತ ಹಿಮವಿದ್ದರೂ ನೆಲೆ ಇರುವುದು ಶಿರ್ಮಾಕರ್ ಎಂಬ ಬರಿಯ ಬಂಡೆಗಳ ಓಯಸಿಸ್‌ನಲ್ಲಿ. ನೂರಕ್ಕೂ ಹೆಚ್ಚು ಸಣ್ಣಪುಟ್ಟ ಕೆರೆಗಳಿರುವ ಗುಡ್ಡಗಾಡು. ನಮ್ಮ ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನು ಐಸ್ ಶೆಲ್ಫ್ ಮೇಲೆ, ಅಂದರೆ ಕಡಲಿಗೆ ಚಾಚಿ ತೇಲುವ ಮಂಜುಗಡ್ಡೆಯ ಹಾಸಿನ ಮೇಲೆ, ಕಟ್ಟಿದ್ದರಿಂದ ಅದು ಹಿಮದಲ್ಲಿ ಹೂತುಹೋಯಿತು. 1989ರಲ್ಲಿ ಶುರುವಾದ ಮೈತ್ರಿಯನ್ನು ಬಂಡೆಯ ಮೇಲೆ, ಉಕ್ಕಿನ ಕಾಲುಗಳ ಮೇಲೆ ಎತ್ತರಿಸಿ ನಿಲ್ಲಿಸಿದ್ದು ಅದೇ ಪಾಠದಿಂದ: ಅಡಿಯಲ್ಲಿ ಗಾಳಿ ನುಗ್ಗಿ ಹೋದರೆ ಹಿಮ ರಾಶಿ ಬೀಳುವುದಿಲ್ಲ. ಬೇಸಿಗೆಯವರಿಗೆ ಹೆಚ್ಚಾಗಿ ಮುಖ್ಯ ಕಟ್ಟಡದ ಹೊರಗಿನ ಬೇಸಿಗೆ ಗುಡಿಸಲುಗಳಲ್ಲಿ ವಾಸ.

ಮೊದಲ ಸಂಜೆ ನೀವು ಕಲಿಯಬೇಕಾದ್ದು ಕೋಣೆಯ ಬೀಗ ಎಲ್ಲಿದೆ ಎಂಬುದನ್ನಲ್ಲ. ಬೆಂಕಿ ಬಿದ್ದರೆ ಯಾವ ಬಾಗಿಲು, ಎಲ್ಲಿ ಸೇರಬೇಕು, ನಿಮ್ಮ ಹಾಸಿಗೆಯಿಂದ ಅತಿ ಹತ್ತಿರದ ಆರಿಸುವ ಸಿಲಿಂಡರ್ ಯಾವ ಬಗೆಯದು ಎಂಬುದನ್ನು. ಕಣ್ಣು ಮುಚ್ಚಿಕೊಂಡು ಹಾಸಿಗೆಯಿಂದ ಬಾಗಿಲಿನವರೆಗೆ ಒಮ್ಮೆ ನಡೆದು ನೋಡಿ. ಒಣಗಿದ ಮರ, ಜೋರು ಗಾಳಿ, ಹೆಪ್ಪುಗಟ್ಟಿದ ನೀರು, ಹೊರಗಿನಿಂದ ಯಾರೂ ಬರಲಾಗದ ದೂರ. ಧ್ರುವದ ನೆಲೆಗಳಲ್ಲಿ ಹಳಬರು ಬಿರುಗಾಳಿಗಿಂತ ಬೆಂಕಿಗೆ ಹೆದರುವುದು ಇದಕ್ಕೇ. ಮಲಗುವಾಗ ಬೂಟು ಮತ್ತು ಕೋಟು ಕೈಗೆಟಕುವಲ್ಲಿ ಇರಬೇಕು. ಒಳಉಡುಪಿನಲ್ಲಿ ಹೊರಗೋಡಿದವನು ಬೆಂಕಿಯಿಂದ ಬದುಕಿದರೂ ಚಳಿಗೆ ಸಿಗುತ್ತಾನೆ.

ನೀರು ಬರುವುದು ನೆಲೆಯ ಎದುರಿನ ಪ್ರಿಯದರ್ಶಿನಿ ಕೆರೆಯಿಂದ, ಬಿಸಿ ಮಾಡಿದ ಪೈಪಿನ ಮೂಲಕ. ನೀರೇನೋ ಬೇಕಾದಷ್ಟಿದೆ. ಆದರೆ ಎತ್ತುವುದಕ್ಕೆ, ಬಿಸಿ ಮಾಡುವುದಕ್ಕೆ ಇಂಧನ ಬೇಕು, ಆ ಇಂಧನ ಹಡಗಿನಲ್ಲಿ ಬಂದು, ಐಸ್ ಶೆಲ್ಫ್‌ನಿಂದ ಸುಮಾರು ನೂರು ಕಿಲೋಮೀಟರ್ ಜಾರುಬಂಡಿಯಲ್ಲಿ ಎಳೆದು ತಂದದ್ದು. ನಲ್ಲಿ ತಿರುಗಿಸಿಬಿಟ್ಟು ಸ್ನಾನ ಮಾಡುವ ಅಭ್ಯಾಸ ಇಲ್ಲಿ ಬಿಡಬೇಕು. ಶೌಚದಲ್ಲಿ ಸುಡುವ ಬಗೆಯ ಕಮೋಡ್‌ಗಳಿವೆ. ಅವುಗಳ ಒಳಪೊರೆಯ ಕಾಗದ ಹಾಕದೆ ಬಳಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ. ಸರಿಪಡಿಸುವವರು ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡುವವರು ಎಂಬುದಷ್ಟು ನೆನಪಿರಲಿ.

ಚಳಿಗಾಲ ಕಳೆದವರ ಬಗ್ಗೆ ಒಂದು ಮಾತು. ಅವರಿಗೆ ನೀವು ಬಂದದ್ದು ಖುಷಿ, ಜೊತೆಗೇ ಕಿರಿಕಿರಿ. ಅವರ ಕುರ್ಚಿ, ಅವರ ಲೋಟ, ಅವರು ಚಹಾ ಕುಡಿಯುವ ಹೊತ್ತು ಎಲ್ಲವೂ ಖಾಯಂ ಆಗಿಹೋಗಿರುತ್ತವೆ. ಮೊದಲ ವಾರ ಯಾವುದನ್ನೂ ಸುಧಾರಿಸಲು ಹೋಗಬೇಡಿ. ಸ್ಟೋರಿನಲ್ಲಿ ಸಾಮಾನು ಅಡ್ಡಾದಿಡ್ಡಿ ಇಟ್ಟಂತೆ ಕಂಡರೂ ಆ ಜಾಗ ಅವರಿಗೆ ಕತ್ತಲಲ್ಲೂ ಗೊತ್ತು. ಮೊದಲು ಕೇಳಿ, ಬರೆದುಕೊಳ್ಳಿ, ಆಮೇಲೆ ಕದಲಿಸಿ.

ಇನ್ನು ಬೆವರು. ಹೊರಗಿನ ಕೆಲಸ ಶುರುವಾದ ದಿನವೇ ಇದು ಎದುರಾಗುತ್ತದೆ. ನಿಯಮ ಸರಳ: ಕೆಲಸಕ್ಕೆ ಹೊರಡುವಾಗ ಸ್ವಲ್ಪ ಚಳಿಯಾಗುತ್ತಿರಬೇಕು. ಬೆಚ್ಚಗೆ ಹೊರಟವನು ಹತ್ತು ನಿಮಿಷದಲ್ಲಿ ಬೆವರುತ್ತಾನೆ. ಡ್ರಮ್ ಉರುಳಿಸುವುದು, ಹಿಮ ಎತ್ತಿಹಾಕುವುದು ಇಂಥ ಕೆಲಸಕ್ಕೆ ಥರ್ಮಲ್ ಮತ್ತು ಗಾಳಿ ತಡೆಯುವ ತೆಳು ಜಾಕೆಟ್ ಸಾಕು, ಫ್ಲೀಸ್ ಚೀಲದಲ್ಲಿರಲಿ. ಕೆಲಸ ನಿಲ್ಲಿಸಿದ ಕ್ಷಣವೇ, ಚಳಿ ಅನಿಸುವ ಮುಂಚೆಯೇ ದಪ್ಪ ಕೋಟು ಮೇಲೇರಬೇಕು. ಹಾಕುವುದು ತೆಗೆಯುವುದು ದಿನಕ್ಕೆ ಇಪ್ಪತ್ತು ಸಲ ಆಗುತ್ತದೆ, ಬೇಸರ ಬರುತ್ತದೆ, ಬೇಸರಪಟ್ಟವರೇ ನಡುಗುತ್ತಾರೆ. ಮೈ ಒದ್ದೆಯಾಗಿಯೇ ಹೋಯಿತು ಎನ್ನಿ, ಒಳಗೆ ಬಂದು ಒಳಪದರ ಬದಲಿಸಿ. ಮೈಮೇಲೆ ಒಣಗಿಸುತ್ತೇನೆ ಎನ್ನಬೇಡಿ.

ಬೂಟಿನ ಒಳಚೀಲವನ್ನು ಪ್ರತಿ ರಾತ್ರಿ ಹೊರಗೆಳೆದು ಒಣಗಲು ಹಾಕಬೇಕು. ಇಡೀ ದಿನ ಕಾಲು ಬಿಟ್ಟ ಬೆವರು ಅದರಲ್ಲಿ ಕೂತಿರುತ್ತದೆ. ಒಣಗಿದ ಹಾಗೇ ಕಂಡರೂ ತೇವ ಉಳಿದಿರುತ್ತದೆ, ಮೂರನೇ ದಿನ ಕಾಲ್ಬೆರಳು ಮರಗಟ್ಟಿದಾಗ ಬೂಟು ಸರಿಯಿಲ್ಲ ಎಂದು ಬೈಯುತ್ತಾರೆ. ಬೂಟಿನದಲ್ಲ ತಪ್ಪು. ಕೈಗವಸಿಗೆ ದಾರ ಕಟ್ಟಿ ಕೋಟಿನ ತೋಳುಗಳ ಮೂಲಕ ಕೊರಳಿಗೆ ಹಾಕಿಕೊಳ್ಳಿ, ಶಾಲೆಯ ಮಕ್ಕಳ ಹಾಗೆ. ನಾಚಿಕೆ ಬೇಡ. ಗಾಳಿಗೆ ಹಾರಿದ ಗವಸು ಸಿಗುವುದಿಲ್ಲ.

ಗಾಳಿಯ ಲೆಕ್ಕ ಹೀಗೆ: ಉಷ್ಣಾಂಶ ಮೈನಸ್ 5 ಡಿಗ್ರಿ ಇದ್ದು ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 15ರಂತೆ. ಮೈತ್ರಿಯ ದಕ್ಷಿಣಕ್ಕೆ ಎತ್ತರದ ಹಿಮ ಪ್ರಸ್ಥಭೂಮಿ. ಅಲ್ಲಿ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಕ್ಕೆ ಹರಿಯುತ್ತದೆ. ಸೂರ್ಯ ತಗ್ಗಿರುವ ರಾತ್ರಿ-ಬೆಳಗಿನ ಹೊತ್ತಿನಲ್ಲಿ ಜೋರು, ಮಧ್ಯಾಹ್ನ ಮೆತ್ತಗೆ. ಏಣಿಯ ಮೇಲಿನ ಕೆಲಸ, ವೆಲ್ಡಿಂಗ್, ತಗಡು ಬಿಗಿಯುವುದು ಇವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಜಾಣತನ. ಕೆನ್ನೆ, ಮೂಗು, ಕಿವಿಯ ತುದಿಯಲ್ಲಿ ಮೇಣದಂಥ ಬಿಳಿ ಮಚ್ಚೆ ಕಂಡರೆ ಅದು ಚಳಿಕಡಿತದ ಶುರು. ನಿಮಗೆ ಅದು ಕಾಣುವುದಿಲ್ಲ, ನೋವೂ ಇರುವುದಿಲ್ಲ. ಜೊತೆಗಾರ ನೋಡಿ ಹೇಳಬೇಕು. ಉಜ್ಜಬಾರದು, ಬೆಚ್ಚಗಿನ ಅಂಗೈ ಒತ್ತಿ ಹಿಡಿಯಬೇಕು, ಒಳಗೆ ಹೋಗಬೇಕು.

ಒಣಗಾಳಿಯ ಪೆಟ್ಟು ಕಾಣದಂತೆ ಬೀಳುತ್ತದೆ. ಮೈನಸ್ 10 ಡಿಗ್ರಿಯ ಗಾಳಿ ಎಷ್ಟು ತೇವ ಹೊತ್ತರೂ ಘನಮೀಟರಿಗೆ ಎರಡು-ಎರಡೂವರೆ ಗ್ರಾಂ. ಅದೇ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ, ಹದಿನೇಳು ಗ್ರಾಂ ಹಿಡಿಯಬಲ್ಲ ಗಾಳಿಯಲ್ಲಿ ಎರಡೂವರೆ ಗ್ರಾಂ ಅಷ್ಟೇ: ತೇವಾಂಶ ಶೇ 15ಕ್ಕಿಂತ ಕಡಿಮೆ. ಮೂಗಿನಲ್ಲಿ ರಕ್ತದ ಹಕ್ಕಳೆ, ಹಿಮ್ಮಡಿ ಬಿರುಕು, ಬೆರಳ ತುದಿ ಸೀಳು, ಬೆಳಗ್ಗೆ ಎದ್ದಾಗ ಗಂಟಲು ಮರಳುಕಾಗದ. ಬಾಯಾರಿಕೆ ಗೊತ್ತಾಗುವುದಿಲ್ಲ; ಮೂತ್ರ ಕಡು ಹಳದಿಯಾದರೆ ಕುಡಿದದ್ದು ಸಾಲದು ಎಂದರ್ಥ. ಮಲಗುವ ಮುಂಚೆ ಬೆರಳ ತುದಿಗೆ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ ತೆಳು ಗವಸು, ಕಾಲುಚೀಲ ಹಾಕಿಕೊಳ್ಳಿ. ಸೀಳಿದ ಬೆರಳಿನಿಂದ ನಟ್ಟು ಬಿಗಿಯಲಾಗದೆ ಕೂತ ಮೆಕ್ಯಾನಿಕ್‌ಗಿಂತ ಎಣ್ಣೆ ಮೆತ್ತಿಕೊಂಡು ಮಲಗಿದ ಮೆಕ್ಯಾನಿಕ್ ಮೇಲು. ಇದೇ ಒಣಗಾಳಿಯಲ್ಲಿ ಫ್ಲೀಸ್ ಉಜ್ಜಿ ಮೈಯಲ್ಲಿ ವಿದ್ಯುತ್ ಕೂಡುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎನ್ನುವುದು ತಮಾಷೆ. ಇಂಧನ ತುಂಬುವ ಕಡೆ, ಕಂಪ್ಯೂಟರ್ ಹಲಗೆ ಬಿಚ್ಚುವ ಕಡೆ ತಮಾಷೆಯಲ್ಲ. ಮೊದಲು ನೆಲಕ್ಕೆ ಜೋಡಿಸಿದ ಲೋಹವನ್ನು ಮುಟ್ಟಿ, ಆಮೇಲೆ ಕೆಲಸ.

ಜಿಪ್‌ಲಾಕ್ ಚೀಲಗಳ ಉಪಯೋಗ ಇಲ್ಲಿ. ಹೊರಗೆ ತಣ್ಣಗಾದ ಕ್ಯಾಮೆರಾ, ಮಲ್ಟಿಮೀಟರ್, ಫೋನ್ ಬೆಚ್ಚಗಿನ ಕೋಣೆಗೆ ಬಂದರೆ ಅಡುಗೆಮನೆಯ ಆವಿ, ಉಸಿರಿನ ತೇವ ಅದರ ಮೇಲೆ, ಒಳಗೆ ಹನಿಗಟ್ಟುತ್ತದೆ. ಹೊರಗಿರುವಾಗಲೇ ಚೀಲದಲ್ಲಿ ಹಾಕಿ ಮುಚ್ಚಿ, ಒಳಗೆ ತಂದು ಒಂದೆರಡು ಗಂಟೆ ಬಿಟ್ಟು ತೆರೆಯಿರಿ. ಬ್ಯಾಟರಿಗಳು ಮೈಗೆ ತಾಗುವ ಒಳಜೇಬಿನಲ್ಲಿರಲಿ. ಚಳಿಯಲ್ಲಿ ಸತ್ತಂತೆ ಕಂಡ ಬ್ಯಾಟರಿ ಬೆಚ್ಚಗಾದರೆ ಎಷ್ಟೋ ಸಲ ಎದ್ದು ಕೂರುತ್ತದೆ.

ಬಿಸಿಲು ಮುಳುಗುವುದೇ ಇಲ್ಲ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಮೈತ್ರಿಯಲ್ಲಿ ಸೂರ್ಯ ಕ್ಷಿತಿಜದ ಮೇಲೇ ಸುತ್ತು ಹಾಕುತ್ತಾನೆ. ಹೊಸ ಹಿಮ ಅತಿನೇರಳೆ ಕಿರಣದ ಶೇ 80ಕ್ಕೂ ಹೆಚ್ಚನ್ನು ಹಿಂದಕ್ಕೆಸೆಯುತ್ತದೆ. ಓಜೋನ್ ರಂಧ್ರ ಮುಚ್ಚಿರದ ನವೆಂಬರ್‌ನಲ್ಲಿ ಕಿರಣದ ಕಾಟ ಇನ್ನೂ ಹೆಚ್ಚು. ಸನ್‌ಸ್ಕ್ರೀನ್ ಹಚ್ಚುವಾಗ ಮೂಗಿನ ಹೊಳ್ಳೆಯ ಅಡಿ, ಗದ್ದದ ಅಡಿ, ಕಿವಿಯ ಹಿಂದೆ ಮರೆಯಬೇಡಿ. ಸುಡುವ ಬೆಳಕು ಕೆಳಗಿನಿಂದಲೂ ಬರುತ್ತದೆ. ಮೋಡ ಕವಿದ ದಿನ ಕನ್ನಡಕ ತೆಗೆದವರೇ ಹಿಮಕುರುಡಿಗೆ ಹೆಚ್ಚು ಸಿಗುವುದು. ಆಗ ಏನೂ ಗೊತ್ತಾಗದೆ, ಆರರಿಂದ ಹನ್ನೆರಡು ಗಂಟೆಯ ಮೇಲೆ ಕಣ್ಣಿಗೆ ಮೆಣಸಿನಪುಡಿ ಬಿದ್ದಂತೆ ಉರಿ. ಒಂದೆರಡು ದಿನ ಕತ್ತಲ ಕೋಣೆಯಲ್ಲಿ ಕೂರುವುದೊಂದೇ ದಾರಿ. ನಿದ್ದೆಗೆ ಗಡಿಯಾರ ನೋಡಿ. ಸುಸ್ತಾದಾಗ ಮಲಗುತ್ತೇನೆ ಎಂದರೆ ಮೂರನೇ ದಿನ ರಾತ್ರಿ ಎರಡಕ್ಕೆ ಸಾಮಾನು ಜೋಡಿಸುತ್ತ ಕೂತಿರುತ್ತೀರಿ.

ಹೊರಗೆ ಹೋಗುವವರು ಪುಸ್ತಕದಲ್ಲಿ ಹೆಸರು, ದಿಕ್ಕು, ವಾಪಸಾಗುವ ಹೊತ್ತು ಬರೆದು, ಜೊತೆಗೊಬ್ಬರನ್ನು ಮತ್ತು ರೇಡಿಯೋ ಕರೆದುಕೊಂಡು ಹೋಗಬೇಕು. ಹೇಳಿದ ಹೊತ್ತಿಗೆ ಬರದಿದ್ದರೆ ಹುಡುಕಲು ಜನ ಹೊರಡುತ್ತಾರೆ; ಹತ್ತು ನಿಮಿಷ ತಡವಾದರೂ ರೇಡಿಯೋದಲ್ಲಿ ಹೇಳಿ. ಡಿಸೆಂಬರ್-ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ತೊರೆಗಳು ಹರಿಯುತ್ತವೆ. ರಾತ್ರಿ ಅವುಗಳ ಮೇಲೆ ತೆಳುಪದರ ಕಟ್ಟಿ, ಅದರ ಮೇಲೆ ಒಂದಿಷ್ಟು ಹಿಮ ಹಾರಿ ಬಿದ್ದರೆ ಗಟ್ಟಿ ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲು ನೀರಿಗೆ. ಕೆರೆಯ ಅಂಚಿನದ್ದೂ ಇದೇ ಕಥೆ. ಬಂಡೆ ಬಿಸಿಲಿಗೆ ಕಾದು ಸುತ್ತಲ ಮಂಜುಗಡ್ಡೆ ಮೊದಲು ಕರಗುವುದು ಅಲ್ಲೇ. ಐಸ್ ಶೆಲ್ಫ್ ಕಡೆ ಹೋಗುವ ಗಾಡಿಗಳ ಸಾಲಿನಲ್ಲಿ ಮುಂದಿನ ಗಾಡಿಯ ಜಾಡು ಬಿಡಬೇಡಿ, ಕೆಳಗಿಳಿಯುವ ಮುಂಚೆ ಉದ್ದ ಕೋಲಿನಿಂದ ಚುಚ್ಚಿ ನೋಡಿ. ಮೂತ್ರಕ್ಕೆಂದು ನಾಲ್ಕು ಹೆಜ್ಜೆ ಆಚೆ ಹೋಗುವುದೂ ಇಳಿಯುವುದೇ. ಬ್ಲಿಜಾರ್ಡ್, ಅಂದರೆ ಹಿಮದ ಬಿರುಗಾಳಿ ಬಂದಾಗ ಕಟ್ಟಡದಿಂದ ಕಟ್ಟಡಕ್ಕೆ ಕಟ್ಟಿದ ಹಗ್ಗ ಹಿಡಿದೇ ನಡೆಯಬೇಕು. ಇಪ್ಪತ್ತು ಮೀಟರ್ ತಾನೇ ಎಂದು ಕೈಬಿಟ್ಟವರಿಗೆ ತಮ್ಮ ಕೈಯೇ ಕಾಣುವುದಿಲ್ಲ.

ಕಸುಬಿನ ಮಾತು ಸ್ವಲ್ಪ. ಹಿಮದ ಮೇಲೆ ಓಡುವ ಪಿಸ್ಟನ್‌ಬುಲ್ಲಿಯಂಥ ಗಾಡಿಗಳ ಹೈಡ್ರಾಲಿಕ್ ಹೋಸು ಚಳಿಯಲ್ಲಿ ಗಡುಸಾಗುತ್ತದೆ. ಪಿಸ್ಟನ್‌ಬುಲ್ಲಿಯನ್ನು ಚಾಲೂ ಮಾಡಿದ ತಕ್ಷಣ ಬ್ಲೇಡ್ ಎತ್ತಿದರೆ ಹೋಸು ಸೀಳುತ್ತದೆ, ಎಣ್ಣೆ ಹಿಮದ ಮೇಲೆ. ಎಂಜಿನ್ ಕಾಯಲಿ, ಹೈಡ್ರಾಲಿಕ್ ನಿಧಾನಕ್ಕೆ ಆಡಲಿ. ಎಣ್ಣೆ ಚೆಲ್ಲಿದರೆ ಆ ಹಿಮವನ್ನೂ ಡ್ರಮ್ಮಿಗೆ ತುಂಬಬೇಕು. ಮಾಮೂಲಿ ಡೀಸೆಲ್ ಚಳಿಗೆ ಮೇಣಗಟ್ಟಿ ಫಿಲ್ಟರ್ ಕಟ್ಟುತ್ತದೆ, ಯಾವ ಡ್ರಮ್ಮಿನಲ್ಲಿ ಏನಿದೆ ಎಂಬ ಗುರುತು ಓದದೆ ತುಂಬಬೇಡಿ. ಬರಿಗೈಯಲ್ಲಿ ಸ್ಪ್ಯಾನರ್ ಹಿಡಿಯಬೇಡಿ; ತೆಳುಗವಸು ನಾಲ್ಕು ಜೊತೆ ಹೇಳಿದ್ದು ಇದಕ್ಕೇ. ಅಡುಗೆಯವರಿಗೆ ಕಷ್ಟ ಬೇರೆ: ನಾಳೆಯ ತರಕಾರಿಯನ್ನು ಇಂದೇ ಹೆಪ್ಪು ಬಿಡಿಸಲು ಇಡಬೇಕು, ಮತ್ತು ಬೇಸಿಗೆಯಲ್ಲಿ ತಲೆ ಎಣಿಕೆ ವಾರ ವಾರ ಬದಲಾಗುತ್ತದೆ.

ನಮ್ಮ ಇನ್ನೊಂದು ನೆಲೆ ಭಾರತಿಗೆ ಹೋಗುವವರಿಗೆ ದಾರಿ ಬೇರೆ. ಲಾರ್ಸ್‌ಮನ್ ಹಿಲ್ಸ್‌ನಲ್ಲಿ 2012ರಲ್ಲಿ ಶುರುವಾದ ಆ ನೆಲೆ ಮೈತ್ರಿಯಿಂದ ಸುಮಾರು 3,000 ಕಿಲೋಮೀಟರ್ ಪೂರ್ವಕ್ಕೆ, ಕಡಲ ದಡದಲ್ಲೇ. 134 ಹಡಗಿನ ಕಂಟೇನರ್‌ಗಳನ್ನು ಜೋಡಿಸಿ ಮೇಲೆ ಹೊದಿಕೆ ಹಾಕಿದ ಕಟ್ಟಡ, ಸೌಕರ್ಯ ಮೈತ್ರಿಗಿಂತ ಹೆಚ್ಚು. ಹಡಗಿನಲ್ಲಿ ಹೋದರೆ ನಲವತ್ತರಿಂದ ಅರವತ್ತು ಡಿಗ್ರಿ ಅಕ್ಷಾಂಶದ ಕಡಲು ಹೊಟ್ಟೆ ತೊಳೆಸುತ್ತದೆ. ಮಾತ್ರೆಯನ್ನು ವಾಂತಿ ಶುರುವಾಗುವ ಮುಂಚೆ ನುಂಗಬೇಕು. ಅಲ್ಲಿ ಅಡೇಲಿ ಪೆಂಗ್ವಿನ್, ವೆಡೆಲ್ ಸೀಲ್ ಕಣ್ಣೆದುರೇ ಸಿಗುತ್ತವೆ. ಕನಿಷ್ಠ ಐದು ಮೀಟರ್ ದೂರ, ಅದೂ ಅವು ನಿಮ್ಮನ್ನು ಕಂಡು ಚಲನೆ ಬದಲಿಸದಿದ್ದರೆ. ಬದಲಿಸಿದರೆ ಇನ್ನೂ ಹಿಂದೆ. ಮೈತ್ರಿಯ ಬಳಿ ಗೂಡು ಕಟ್ಟುವ ಸ್ಕೂವಾ ಹಕ್ಕಿ ತಲೆಯ ಮೇಲೆಯೇ ಎರಗುತ್ತದೆ. ಕೋಲೊಂದನ್ನು ತಲೆಗಿಂತ ಎತ್ತರ ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. 2024ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕದ ಮುಖ್ಯ ನೆಲದಲ್ಲಿ ಹಕ್ಕಿಜ್ವರ ಖಚಿತವಾದದ್ದು ಸತ್ತ ಸ್ಕೂವಾಗಳಲ್ಲೇ. ಸತ್ತ ಹಕ್ಕಿ ಕಂಡರೆ ಮುಟ್ಟದೆ, ಜಾಗ ಗುರುತಿಟ್ಟು, ತಂಡದ ನಾಯಕರಿಗೆ ಹೇಳಿ.

ಏಳರಿಂದ ಹತ್ತನೇ ದಿನದೊಳಗೆ ಎರಡು ಪಟ್ಟಿ ಶುರುಮಾಡಿ. ಒಂದು, ನಿಮ್ಮ ವಿಭಾಗದಲ್ಲಿ ಏನು ಮುರಿದಿದೆ, ಯಾವ ಬಿಡಿಭಾಗ ಮುಗಿದಿದೆ, ಅದರ ನಂಬರ್ ಏನು ಎಂಬುದು. ಮುಂದಿನ ಬೇಸಿಗೆಗೆ ಬರುವ ಸರಕಿನ ಬೇಡಿಕೆ ಈ ಬೇಸಿಗೆಯಲ್ಲೇ ಹೋಗಬೇಕು, ನೆನಪಿನಿಂದ ಬರೆದ ನಂಬರ್ ತಪ್ಪಿದರೆ ಇಡೀ ವರ್ಷ ಗಾಡಿ ನಿಂತಂತೆ. ಇನ್ನೊಂದು, ಹಿಂದಕ್ಕೆ ಒಯ್ಯಬೇಕಾದ ಕಸದ್ದು. ಡಬ್ಬಿ, ಗಾಜು, ಬ್ಯಾಟರಿ, ಎಣ್ಣೆ ಬಟ್ಟೆ ಬೇರೆ ಬೇರೆ; ಒಂದೇ ಚೀಲಕ್ಕೆ ಸುರಿದದ್ದನ್ನು ಫೆಬ್ರುವರಿಯ ಗಾಳಿಯಲ್ಲಿ ಕೂತು ಬೇರ್ಪಡಿಸುವವರು ನೀವೇ. ಮನೆಗೆ ಕಾಗದ ಬರೆಯುವವರಿದ್ದರೆ ನೆಲೆಯಲ್ಲಿ ಅಂಚೆ ಕಚೇರಿಯೂ ಇದೆ. 1984ರಲ್ಲಿ ದಕ್ಷಿಣ ಗಂಗೋತ್ರಿಯಲ್ಲಿ ತೆರೆದದ್ದು ಆಮೇಲೆ ಮೈತ್ರಿಗೆ ಬಂತು, 2024ರ ಏಪ್ರಿಲ್‌ನಲ್ಲಿ ಭಾರತಿಯಲ್ಲೂ ಒಂದು ಶುರುವಾಯಿತು. ಕಾಗದ ಬೇಗ ಬರೆಯಿರಿ. ಅದು ಗೋವಾ ಮುಟ್ಟುವುದೂ ನೀವು ವಾಪಸಾಗುವ ಅದೇ ಹಡಗಿನಲ್ಲೋ ವಿಮಾನದಲ್ಲೋ, ಎಷ್ಟೋ ಸಲ ನಿಮ್ಮ ಆಮೇಲೆ.